ಮೋಡದ ಅಂಚು ಕತ್ತರಿಸಿದ ಮೇಡಂ

ಅವರು ತೀರಿಕೊಂಡ ಸುದ್ದಿ ನಮ್ಮ ಹಳೆಯ ಸಹೋದ್ಯೋಗಿಗಳ ವಾಟ್ಸಾಪ್ ಗುಂಪಿಗೆ ಬಂದಾಗ ನಾನು ಕಡೂರಿನ ಸಂತೆಯಲ್ಲಿ ಹೀರೇಕಾಯಿ ಆರಿಸುತ್ತಿದ್ದೆ. ಇಬ್ಬರು ಮೂವರು ಕೈಮುಗಿದ ಚಿತ್ರ ಹಾಕಿದರು. ಒಬ್ಬರು ಹೆಸರು ನೋಡಿ ಯಾರೆಂದು ಗೊತ್ತಾಗಲಿಲ್ಲವಲ್ಲ ಎಂದು ಕೇಳಿದರು. ಹೊಲಿಗೆ ಟೀಚರ್ ಎಂದು ಇನ್ನೊಬ್ಬರು ಹೇಳಿದರು. ಆಗಲೂ ಗೊತ್ತಾಗಲಿಲ್ಲ. ಕೊನೆಗೆ ಯಾರೋ ‘ಮೋಡದ ಮೇಡಂ’ ಎಂದು ಬರೆದರು. ಗುಂಪಿನಲ್ಲಿದ್ದ ಅಷ್ಟೂ ಜನಕ್ಕೆ ಒಟ್ಟಿಗೇ ನೆನಪಾಯಿತು. ಸಾವಿನ ಸುದ್ದಿಯ ಕೆಳಗೆ ಸಾಲಾಗಿ ನಗುವ ಮುಖಗಳು ಬಂದು ಕೂತವು. ಐದು ನಿಮಿಷದಲ್ಲಿ ಎಲ್ಲರಿಗೂ ನಾಚಿಕೆಯಾಗಿ ಒಬ್ಬೊಬ್ಬರಾಗಿ ಅಳಿಸಿದರು. ನನ್ನದನ್ನು ಅಳಿಸುವುದು ಹೇಗೆಂದು ಗೊತ್ತಾಗದೆ ಅದೊಂದು ಮಾತ್ರ ಉಳಿದುಕೊಂಡಿತು.

ನಮ್ಮದು ತರೀಕೆರೆಯಲ್ಲಿ ಹೆಣ್ಣುಮಕ್ಕಳ ಹೈಸ್ಕೂಲು. ನಾನು ಕನ್ನಡಕ್ಕೆ, ಅವರು ಹೊಲಿಗೆಗೆ. ನಾನು ಕಡೂರಿನಿಂದ ರೈಲಿನಲ್ಲಿ ಬರುತ್ತಿದ್ದೆ, ಅವರು ಅಜ್ಜಂಪುರದಿಂದ ಬಸ್ಸಿನಲ್ಲಿ. ನನಗಿಂತ ಹತ್ತು ವರ್ಷ ದೊಡ್ಡವರು. ಕುಳ್ಳಗೆ, ಗುಂಡಗೆ, ಕೊರಳಲ್ಲಿ ತಾಳಿಯ ಜೊತೆಗೆ ಒಂದು ಅಳತೆ ಟೇಪು. ಸೆರಗಿನ ಅಂಚಿನಲ್ಲಿ ನಾಲ್ಕು ಗುಂಡುಪಿನ್ನು ಯಾವಾಗಲೂ ಚುಚ್ಚಿಕೊಂಡಿರುತ್ತಿದ್ದವು, ಹಾಗಾಗಿ ಹಬ್ಬದ ದಿನ ಕೂಡ ಅವರನ್ನು ಯಾರೂ ತಬ್ಬಿಕೊಳ್ಳುತ್ತಿರಲಿಲ್ಲ. ನಾವು ಏನಾದರೂ ಕಷ್ಟ ಸುಖ ಹೇಳಿಕೊಳ್ಳುತ್ತಿದ್ದರೆ ಅವರ ಕಣ್ಣು ನಮ್ಮ ರವಿಕೆಯ ತೋಳಿನ ಮೇಲಿರುತ್ತಿತ್ತು. ಮಾತಿನ ಮಧ್ಯೆ ಒಂದು ಎಳೆ ಹಿಡಿದು ಎಳೆದು, ಬಾಗಿ ಹಲ್ಲಿನಲ್ಲಿ ಕಚ್ಚಿ ತೆಗೆದು, ‘ಹೂಂ, ಆಮೇಲೆ?’ ಎನ್ನುತ್ತಿದ್ದರು. ಒಮ್ಮೆ ತನಿಖೆಗೆ ಬಂದ ಅಧಿಕಾರಿಯ ಅಂಗಿಯ ಕಾಲರಿಗೂ ಹೀಗೆಯೇ ಮಾಡಿದರು. ಆ ಮನುಷ್ಯ ಕುರ್ಚಿ ಸಮೇತ ಹಿಂದೆ ಸರಿದರು.

ಶಾಲೆಯಲ್ಲಿ ಹೊಲಿಗೆಗೆ ಬೆಲೆಯಿರಲಿಲ್ಲ. ವಾರಕ್ಕೆ ಸಿಗುತ್ತಿದ್ದದ್ದೇ ಕೆಲವು ಪೀರಿಯಡ್ಡು. ದಸರಾ ರಜೆ ಮುಗಿಯಿತೆಂದರೆ ಪಾಠ ಮುಗಿದಿಲ್ಲವೆಂದು ಗಣಿತದ ಮೇಷ್ಟ್ರು ಅವನ್ನೂ ತೆಗೆದುಕೊಂಡುಬಿಡುತ್ತಿದ್ದರು. ಅವರು ಕೆಟ್ಟವರಲ್ಲ. ಹೊಲಿಗೆ ಕೋಣೆಯ ಬಾಗಿಲಲ್ಲಿ ನಿಂತು, ಸೀಮೆಸುಣ್ಣ ತೋರಿಸಿ, ‘ಮೇಡಂ, ಒಂದೇ ಒಂದು ಪ್ರಮೇಯ’ ಎನ್ನುತ್ತಿದ್ದರು. ಹುಡುಗಿಯರು ಸೂಜಿ ಇಟ್ಟು ಕಂಪಾಸ್ ತೆಗೆಯುತ್ತಿದ್ದರು. ಮೇಡಂ ಹೊರಗೆ ಬಂದು ಕಾರಿಡಾರಿನಲ್ಲಿ ನಿಂತು ತಮ್ಮಷ್ಟಕ್ಕೆ ತಾವು ಒಂದು ಕರವಸ್ತ್ರದ ಅಂಚು ಮಡಿಚುತ್ತಿದ್ದರು. ಅದೇ ಕರವಸ್ತ್ರವನ್ನು ನಾನು ಎರಡು ವರ್ಷ ನೋಡಿದ್ದೇನೆ.

ಅವರ ಯಜಮಾನರಿಗೆ ಅಜ್ಜಂಪುರದ ಬಸ್ ನಿಲ್ದಾಣದ ಹತ್ತಿರ ಟಿವಿ, ರೇಡಿಯೊ ರಿಪೇರಿ ಅಂಗಡಿ. ಯಾರೋ ಒಬ್ಬರು ವಿಡಿಯೊ ಗೇಮಿನ ಪೆಟ್ಟಿಗೆಯೊಂದನ್ನು ರಿಪೇರಿಗೆ ಕೊಟ್ಟು, ಬೇರೆ ಊರಿಗೆ ವರ್ಗವಾಗಿ, ಮತ್ತೆ ಬರಲೇ ಇಲ್ಲ. ಯಜಮಾನರು ಅದನ್ನು ಸರಿ ಮಾಡಿ, ಓಡುತ್ತದೋ ಇಲ್ಲವೋ ನೋಡಲು ಮನೆಗೆ ತಂದು ಟಿವಿಗೆ ಜೋಡಿಸಿದರು. ಅದರೊಳಗೆ ಇದ್ದದ್ದು ಆ ಪ್ರಸಿದ್ಧ ಆಟ: ಟೋಪಿ ಹಾಕಿದ, ದಪ್ಪ ಮೀಸೆಯ ಗಿಡ್ಡ ಮನುಷ್ಯನೊಬ್ಬ ಎಡದಿಂದ ಬಲಕ್ಕೆ ಓಡುತ್ತಾ, ಇಟ್ಟಿಗೆಗೆ ತಲೆ ಗುದ್ದುತ್ತಾ, ನಡೆದು ಬರುವ ಅಣಬೆಗಳನ್ನು ತುಳಿಯುತ್ತಾ, ಹಳ್ಳ ಹಾರುತ್ತಾ ಹೋಗುವುದು. ಆ ಕಾಲದಲ್ಲಿ ಮನೆಯಲ್ಲಿ ಟಿವಿಯಿದ್ದ ಯಾರಿಗಾದರೂ ಅದರ ಸಂಗೀತ ನೆನಪಿರುತ್ತದೆ.

ಮೇಡಂಗೆ ಆಟ ಬರಲಿಲ್ಲ. ಮೊದಲನೆಯ ಅಣಬೆಗೇ ಮೂರು ಜೀವವೂ ಹೋಗುತ್ತಿತ್ತು. ಆದರೆ ಒಂದು ಗುಂಡಿ ಒತ್ತಿದರೆ ಎಲ್ಲವೂ ಇದ್ದಲ್ಲೇ ನಿಲ್ಲುತ್ತದೆ ಎಂದು ಅವರಿಗೆ ಗೊತ್ತಾಯಿತು. ನಿಲ್ಲಿಸಿ ನೋಡಿದರು. ಚಿತ್ರವೆಲ್ಲ ಚೌಕ ಚೌಕ. ಚೌಕಳಿ ನೇಯ್ಗೆಯ ಮ್ಯಾಟಿ ಬಟ್ಟೆಯ ಮೇಲೆ ಕ್ರಾಸ್ ಸ್ಟಿಚ್ ಹಾಕಿದ ಹಾಗೇ. ಅವತ್ತಿನಿಂದ ಅವರು ಆ ಆಟವನ್ನು ಆಡಲಿಲ್ಲ, ಓದಿದರು. ಟಿವಿ ಗಾಜಿನ ಮೇಲೆ ಟ್ರೇಸಿಂಗ್ ಹಾಳೆ ಅಂಟಿಸಿ ಚೌಕಗಳನ್ನು ಗುರುತು ಮಾಡಿಕೊಂಡು ಗ್ರಾಫ್ ಹಾಳೆಗೆ ಇಳಿಸುವುದು. ಗಾಜೆಲ್ಲ ಗೋಂದು ಮಾಡಿದಾಳೆ ಎಂದು ಯಜಮಾನರು ನನ್ನ ಹತ್ತಿರ ದೂರಿದ್ದುಂಟು.

ಒಂದು ದಿನ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಬುತ್ತಿ ಬಿಚ್ಚುವ ಮೊದಲೇ ಅವರು ವಿಷಯ ತೆಗೆದರು.

‘ಆ ಆಟ ಮಾಡ್ದೋರು ನಮ್ಮಂಥವ್ರೇ ಕಣಮ್ಮ. ಆಕಾಶದಲ್ಲಿ ಬಿಳೀ ಮೋಡ ಐತಲ್ಲ, ಅದರ ಕೆಳಗಿನ ಅಂಚು ಕತ್ತರ್ಸಿ, ಹಸ್ರು ಬಣ್ಣ ಹಾಕಿ, ನೆಲದ ಮೇಲೆ ಕೂರ್ಸಿ, ಪೊದೆ ಅಂದ್ಬಿಟ್ಟಿದಾರೆ.’

ಗಣಿತದ ಮೇಷ್ಟ್ರು ಚಿತ್ರಾನ್ನ ಕಲೆಸುತ್ತಾ ನಕ್ಕರು. ಅಷ್ಟು ದೊಡ್ಡ ಕಂಪನಿಗೆ ಒಂದು ಪೊದೆ ಬರೆಸಲು ಗತಿಯಿಲ್ಲವೇ ಎಂದು ಕೇಳಿದರು. ಮೋಡ ಮೋಡವೇ, ಪೊದೆ ಪೊದೆಯೇ, ದೂರದಿಂದ ನೋಡಿದರೆ ಹೂಕೋಸು ಕೂಡ ಹಾಗೇ ಕಾಣುತ್ತದೆ ಎಂದರು. ನಾವೆಲ್ಲ ನಕ್ಕೆವು. ನಾನೂ ನಕ್ಕೆ.

ಮೇಡಂ ಮುಖ ಕೆಂಪಾಯಿತು. ಬುತ್ತಿಯ ಮುಚ್ಚಳ ಹಾಕಿ ಎದ್ದು ನಿಂತು ಹೇಳಿದರು: ‘ತಪ್ಪಾಗಿದ್ರೆ ಶುಕ್ರವಾರದ ನನ್ನ ಎರಡು ಪೀರಿಯಡ್ಡೂ ವರ್ಷಪೂರ್ತಿ ನೀವೇ ಇಟ್ಕೊಳ್ಳಿ ಮೇಷ್ಟ್ರೇ. ಸರಿಯಾಗಿದ್ರೆ ಪರೀಕ್ಷೆವರೆಗೂ ನನ್ನ ಕ್ಲಾಸಿನ ಹತ್ರ ಸುಳೀಬಾರ್ದು.’

ಆಗ ಯಾರೂ ನಗಲಿಲ್ಲ. ಅದು ಆಟದ ಮಾತಲ್ಲ ಎಂದು ನಮಗೆಲ್ಲ ಗೊತ್ತಾಯಿತು.

ಮುಂದಿನ ಭಾನುವಾರ ಮೇಷ್ಟ್ರು, ಹೆಡ್ ಮಿಸ್ಸು, ನಾನು ಮೂವರೂ ಅಜ್ಜಂಪುರಕ್ಕೆ ಹೋದೆವು. ಹೆಡ್ ಮಿಸ್ಸು ತೀರ್ಪುಗಾರರು, ನಾನು ಸಾಕ್ಷಿ. ಮೇಷ್ಟ್ರು ಜೊತೆಗೆ ಸ್ಕೇಲು, ವಿಭಾಜಕ, ಒಂದು ಭೂತಗನ್ನಡಿ ತಂದಿದ್ದರು. ಬೇರೆಯವರು ನಿಲ್ಲಿಸಿಕೊಟ್ಟ ಚಿತ್ರವನ್ನು ನಂಬುವುದಿಲ್ಲ, ಆಟವನ್ನು ತಾವೇ ಆಡಿ ನೋಡಬೇಕು ಎಂದರು. ಯಜಮಾನರು ಅವರ ಕೈಗೆ ಗುಂಡಿಗಳಿದ್ದ ಪಟ್ಟಿ ಕೊಟ್ಟರು. ಮೇಷ್ಟ್ರು ಮೊದಲನೇ ಅಣಬೆಗೆ ಸತ್ತರು. ಇನ್ನೊಂದು ಸಲ ಎಂದರು. ಎರಡನೇ ಸಲ ಅಣಬೆ ದಾಟಿ ಹಳ್ಳಕ್ಕೆ ಬಿದ್ದರು. ಮೋಡ ತಲೆಯ ಮೇಲೆ ಹೋಗುತ್ತಿತ್ತು, ಪೊದೆ ಕಾಲ ಕೆಳಗೆ ಹೋಗುತ್ತಿತ್ತು, ಮೇಷ್ಟ್ರು ಎರಡನ್ನೂ ನೋಡಲಿಲ್ಲ. ಮಂಡಕ್ಕಿ, ಮೆಣಸಿನಕಾಯಿ ಬಂತು, ಆರಿತು. ಹೆಡ್ ಮಿಸ್ಸು ಕುರ್ಚಿಯಲ್ಲೇ ತೂಕಡಿಸಿದರು. ನಮ್ಮ ಶಾಲೆಯಲ್ಲಿ ಯಾರ ಮೇಲೂ ದನಿ ಎತ್ತದಿದ್ದ ಮೇಷ್ಟ್ರು ಆ ಮೀಸೆಯ ಮನುಷ್ಯನನ್ನು ಏಕವಚನದಲ್ಲಿ ಬೈಯುತ್ತಿದ್ದರು.

ಎರಡು ಗಂಟೆ ಕಾದು ಮೇಡಂ ಹೋಗಿ ಗುಂಡಿ ಒತ್ತಿ ಆಟ ನಿಲ್ಲಿಸಿದರು. ಮೋಡದ ನಕ್ಷೆಯನ್ನೂ ಪೊದೆಯ ನಕ್ಷೆಯನ್ನೂ ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದರು. ಮೇಲಿನ ಉಬ್ಬುಗಳು ಕೂದಲೆಳೆ ವ್ಯತ್ಯಾಸವಿಲ್ಲದೆ ಕೂತವು. ಮೇಷ್ಟ್ರು ನಂಬದೆ ಟಿವಿಯ ಮುಂದೆ ಮಂಡಿಯೂರಿ, ಭೂತಗನ್ನಡಿ ಹಿಡಿದು, ಗಾಜಿನ ಮೇಲೇ ಚೌಕ ಎಣಿಸಿದರು. ಎರಡು ಸಲ ಎಣಿಸಿದರು. ಎದ್ದಾಗ ಅವರ ಮೂಗಿನ ತುದಿಗೆ ಗೋಂದು ಹತ್ತಿತ್ತು. ಅವರು ಮಕ್ಕಳಿಗೆ ತ್ರಿಭುಜ ಪಾಠ ಮಾಡುವ ದನಿಯಲ್ಲಿ ಒಂದೇ ಮಾತು ಹೇಳಿದರು.

‘ಸರ್ವಸಮ ಕಣ್ರೀ.’

ಮೇಡಂ ಒಳಗೆ ಹೋದರು. ಕಾಫಿ ತರಲು ಹೋದರೆಂದುಕೊಂಡೆವು. ಎಷ್ಟು ಹೊತ್ತಾದರೂ ಬರಲಿಲ್ಲ. ನಾನು ಹೋಗಿ ನೋಡಿದರೆ ಒಲೆಯ ಮುಂದೆ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಒರೆಸಿಕೊಳ್ಳುವಾಗ ಪಿನ್ನು ಚುಚ್ಚಿತೆಂದು ಹೇಳಿದರು.

ಮೇಷ್ಟ್ರು ಮಾತಿಗೆ ತಪ್ಪಲಿಲ್ಲ. ಪರೀಕ್ಷೆಯವರೆಗೂ ಹೊಲಿಗೆ ಕೋಣೆಯ ಕಡೆ ತಲೆ ಹಾಕಲಿಲ್ಲ. ಆದರೆ ಪ್ರತಿ ಭಾನುವಾರ ಅಜ್ಜಂಪುರದ ಬಸ್ಸು ಹತ್ತತೊಡಗಿದರು. ಸೋಮವಾರ ಬಂದು ಎಷ್ಟನೇ ಕೋಟೆಗೆ ತಲುಪಿದೆನೆಂದು ವರದಿ ಮಾಡುತ್ತಿದ್ದರು. ಮೇಡಂ ಪಕ್ಕದಲ್ಲಿ ಕೂತು ಅವರಿಗೆ ಬೇಡದ ವಿವರ ಹೇಳುತ್ತಿದ್ದರಂತೆ. ಅಣಬೆ ನಡೆಯುವುದಕ್ಕೆ ಎರಡು ಚಿತ್ರ ಬರೆದಿಲ್ಲ, ಒಂದೇ ಚಿತ್ರವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಮಗುಚಿ ಹಾಕಿದ್ದಾರೆ, ನಾವು ಒಂದೇ ಕಾಗದದಲ್ಲಿ ರವಿಕೆಯ ಎರಡೂ ತೋಳು ಕತ್ತರಿಸುವುದಿಲ್ಲವೇ, ಹಾಗೆ. ಅಷ್ಟರಲ್ಲಿ ಮೇಷ್ಟ್ರು ಅದೇ ಅಣಬೆಗೆ ಸಿಕ್ಕಿ ಸತ್ತಿರುತ್ತಿದ್ದರು.

ಹುಡುಗಿಯರಿಗೆ ಕಥೆ ತಲುಪಿ ಹೊಲಿಗೆ ಟೀಚರಿಗೆ ಮೋಡದ ಮೇಡಂ ಎಂದು ಹೆಸರಾಯಿತು. ಆ ವರ್ಷ ಹೊಲಿಗೆ ಕ್ಲಾಸಿನ ಪ್ರತಿಯೊಬ್ಬಳ ಕರವಸ್ತ್ರದಲ್ಲೂ ಒಂದು ಮೂಲೆಗೆ ಬಿಳಿ ಮೋಡ, ಎದುರು ಮೂಲೆಗೆ ಹಸಿರು ಪೊದೆ.

ಮಾರನೇ ವರ್ಷ ವಾರ್ಷಿಕೋತ್ಸವ. ಕಡೂರಿನ ಕೊಬ್ಬರಿ ಸಾಹುಕಾರರೊಬ್ಬರು ಎಲ್ಲ ಕೊಠಡಿಗೂ ಫ್ಯಾನು ಹಾಕಿಸಿಕೊಟ್ಟಿದ್ದರು. ಅವರ ಮುಖವನ್ನು ಕಸೂತಿಯಲ್ಲಿ ಮಾಡಿ ವೇದಿಕೆಯ ಮೇಲೆ ಕೊಡಬೇಕೆಂದು ಹೆಡ್ ಮಿಸ್ಸಿಗೆ ಆಸೆ. ಕೊಟ್ಟ ಬಟ್ಟೆ ಒಂದು ಗೇಣು. ಸಾಹುಕಾರರಿಗೆ ಮೀಸೆಯಿಲ್ಲ, ತಲೆಯಲ್ಲಿ ಕೂದಲಿಲ್ಲ. ಮೇಡಂ ಹದಿನೈದು ದಿನ ಒದ್ದಾಡಿದರು. ಕಣ್ಣು ಬಂತು, ಮೂಗು ಬಂತು, ಬಾಯಿ ಬರಲಿಲ್ಲ. ತುಟಿಗೆ ಒಂದು ಚೌಕ ಹೆಚ್ಚಾದರೆ ಸಾಹುಕಾರರು ಹಲ್ಲು ಕಿರಿಯುತ್ತಿದ್ದರು, ಒಂದು ಕಡಿಮೆಯಾದರೆ ಸಾಲಗಾರನನ್ನು ನೋಡಿದ ಹಾಗೆ ಗುರಾಯಿಸುತ್ತಿದ್ದರು. ಬೋಳು ತಲೆಯಂತೂ ಮಗುಚಿಟ್ಟ ಮಡಕೆ.

ಕಾರ್ಯಕ್ರಮಕ್ಕೆ ಮೂರು ದಿನವಿರುವಾಗ ರೈಲಿಗೆ ಹೊರಟಿದ್ದ ನನ್ನನ್ನು ಅವರು ಬಸ್ ನಿಲ್ದಾಣದ ಹತ್ತಿರ ಹಿಡಿದು ನಿಲ್ಲಿಸಿದರು. ಮುಖದಲ್ಲಿ ಕಳೆ ಬಂದಿತ್ತು.

‘ಆ ಆಟದೋನ ಮುಖ ನಿಲ್ಸಿ ನೋಡ್ದೆ ಕಣಮ್ಮ. ಅವ್ನಿಗೆ ಬಾಯೇ ಇಲ್ಲ. ಬಾಯಿ ಬಿಡ್ಸೋಕೆ ಜಾಗ ಸಾಲ್ದೆ ಮೀಸೆ ಇಟ್ಟಿದಾರೆ. ಕೂದ್ಲು ಬಿಡ್ಸೋಕಾಗ್ದೆ ಟೋಪಿ ಹಾಕಿದಾರೆ. ನಾನು ಇಷ್ಟು ದಿನ ಅದನ್ನ ಸ್ಟೈಲು ಅಂದ್ಕೊಂಡಿದ್ದೆ.’

ಅದಕ್ಕೇನೀಗ ಎಂದು ನಾನು ಕೇಳುವುದರೊಳಗೆ ಅವರ ಬಸ್ಸು ಬಂತು. ಕೇಳಬೇಕಿತ್ತು.

ವೇದಿಕೆಯ ಮೇಲೆ ಪರದೆ ಸರಿಸಿದಾಗ ಕಂಡದ್ದು ಜರತಾರಿ ಪೇಟ ಸುತ್ತಿದ, ಗಲ್ಲದ ತನಕ ಮೀಸೆ ಬಿಟ್ಟ ಒಬ್ಬ ಮನುಷ್ಯ. ಹೆಡ್ ಮಿಸ್ಸು ಮೈಕಿನ ಹತ್ತಿರ ಹೋಗಿ, ಚಿತ್ರ ಬದಲಾಗಿರಬೇಕು ಎಂದು ತಡವರಿಸಿದರು. ಮೇಡಂ ವೇದಿಕೆಯ ಮೂಲೆಯಲ್ಲಿ ಅಳತೆ ಟೇಪನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ನಿಂತಿದ್ದರು. ಅವರ ಕೆಲಸಕ್ಕೇ ಕುತ್ತು ಬಂತೆಂದುಕೊಂಡೆ. ಹೊಲಿಗೆ ಬೇಕೇ ಬೇಡವೇ ಎಂದು ಆಡಳಿತ ಮಂಡಳಿಯಲ್ಲಿ ಆಗಲೇ ಮಾತು ನಡೆದಿತ್ತು.

ಸಾಹುಕಾರರು ಎದ್ದು ಚಿತ್ರದ ಹತ್ತಿರ ಬಂದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮುಂದಿನ ಸಾಲಿನಲ್ಲಿದ್ದ ಹೆಂಡತಿಯ ಕಡೆ ತಿರುಗಿ, ‘ಅಪ್ಪಾಜಿ ಕಣೇ,’ ಎಂದರು.

ಆ ತಂದೆ ಒಂದೂ ಫೋಟೊ ತೆಗೆಸಿಕೊಳ್ಳದೆ ಹೋದವರಂತೆ. ಮಗನ ಕಣ್ಣು, ಮಗನ ಮೂಗು, ಮೇಲೆ ಪೇಟ, ಕೆಳಗೆ ಮೀಸೆ: ಹಾಗೇ ಇದ್ದರಂತೆ. ಆಕೆಯೂ ಬಂದು ನೋಡಿ, ಮಾವನವರೇ ಹೌದು ಎಂದು ಸೆರಗು ತಲೆಗೆ ಎಳೆದುಕೊಂಡರು. ಸಾಹುಕಾರರು ಕೈಮುಗಿದು, ಇದು ನಿಮಗೆ ಹೇಗೆ ಗೊತ್ತಾಯಿತು ತಾಯಿ ಎಂದು ಮೇಡಂ ಅವರನ್ನು ಕೇಳಿದರು. ಇನ್ಯಾರಾಗಿದ್ದರೂ ಸುಮ್ಮನೆ ತಲೆ ತಗ್ಗಿಸಿ ನಿಲ್ಲುತ್ತಿದ್ದರು. ಇವರು ಮೈಕಿನ ಮುಂದೆಯೇ ನಿಜ ಹೇಳಿಬಿಟ್ಟರು.

‘ಬಾಯಿ ಬರ್ಲಿಲ್ಲ ಸಾರ್. ಅದಕ್ಕೆ ಮೀಸೆ ಇಟ್ಟೆ.’

ಸಾಹುಕಾರರಿಗೆ ಇದು ವಿನಯವೆಂದು ತೋರಿತು. ಸಭೆ ಚಪ್ಪಾಳೆ ತಟ್ಟಿತು. ಶಾಲೆಗೆ ಇನ್ನೇನು ಬೇಕೆಂದು ಅವರು ಕೇಳಿದಾಗ ಹೆಡ್ ಮಿಸ್ಸು ಕಾಂಪೌಂಡು ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಮೇಡಂ ‘ದಾರ’ ಎಂದುಬಿಟ್ಟಿದ್ದರು. ಮರುವಾರ ಎಲ್ಲ ಬಣ್ಣದ ದಾರದ ಲಡಿಗಳೂ ಒಂದು ಗೋಣಿಚೀಲದಲ್ಲಿ ಬಂದವು. ಹೆಡ್ ಮಿಸ್ಸು ಅವರ ಜೊತೆ ಒಂದು ತಿಂಗಳು ಮಾತಾಡಲಿಲ್ಲ. ಆ ಚಿತ್ರ ಈಗಲೂ ಕಡೂರಿನ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಮೇಲಿದೆ. ದಿನಾ ಹೂವಿನ ಹಾರ ಬೀಳುತ್ತದೆ. ನಾನು ಕೊಬ್ಬರಿ ತರಲು ಹೋದಾಗೆಲ್ಲ ನೋಡಿ ನಗು ತಡೆದುಕೊಂಡು ಬರುತ್ತೇನೆ.

ಹೊಲಿಗೆಯ ಹುದ್ದೆ ಅವರ ನಿವೃತ್ತಿಯವರೆಗೆ ಉಳಿಯಿತು. ಆಮೇಲೆ ಯಾರನ್ನೂ ಹಾಕಲಿಲ್ಲ. ಆ ಕೋಣೆಯಲ್ಲಿ ಈಗ ಕಂಪ್ಯೂಟರುಗಳಿವೆ.

ನಾನೂ ನಿವೃತ್ತಳಾಗಿ ಮನೆಯಲ್ಲಿ ಕೂತು ಮೊಬೈಲು ತಿಕ್ಕುವುದನ್ನು ಕಲಿತ ಮೇಲೆ ಒಂದು ದಿನ ಆ ಆಟದ ಬಗ್ಗೆ ಲೇಖನವೊಂದು ಕಣ್ಣಿಗೆ ಬಿತ್ತು. ಅದನ್ನು ಮಾಡಿದ ಕಾಲದಲ್ಲಿ ತೆರೆಯ ಹಿಂದೆ ಏನೇನು ನಡೆಯಿತು ಎನ್ನುವ ವಿವರ. ಯಂತ್ರದಲ್ಲಿ ಜಾಗ ತೀರ ಕಡಿಮೆಯಿದ್ದದ್ದರಿಂದ ಮೋಡಕ್ಕೂ ಪೊದೆಗೂ ಒಂದೇ ಚಿತ್ರ ಬಳಸಿದರು. ಮುಖಕ್ಕೆ ಚೌಕಗಳು ಸಾಲದೆ ಮೀಸೆ, ಟೋಪಿ ಹಾಕಿದರು. ಅಣಬೆ ಕೊನೆಯಲ್ಲಿ ಸೇರಿಸಿದ್ದು, ಜಾಗವಿಲ್ಲದೆ ಒಂದೇ ಚಿತ್ರ ಮಗುಚಿದರು. ಅಜ್ಜಂಪುರದಲ್ಲಿ ಕೂತು ಟಿವಿಗೆ ಗೋಂದು ಹಚ್ಚಿಕೊಂಡು ಈ ಹೆಂಗಸು ಅಷ್ಟನ್ನೂ ಕಂಡುಹಿಡಿದಿದ್ದರು. ಮಾರನೇ ಬೆಳಿಗ್ಗೆ ಬಸ್ಸು ಹತ್ತಿದೆ.

ಅವರು ಜಗಲಿಯಲ್ಲಿ ಕೂತು ಯಾರದೋ ಲಂಗದ ಅಂಚು ಬಿಚ್ಚುತ್ತಿದ್ದರು. ನಾನು ಮೊಬೈಲು ತೆಗೆದು ಲೇಖನ ಓದಿ ಹೇಳಿದೆ. ಅವರು ತಲೆ ಎತ್ತಲಿಲ್ಲ.

‘ಇದನ್ನ ಹೇಳೋಕೆ ಕಡೂರಿಂದ ಬಂದ್ಯಾ? ನಾನು ಹೇಳ್ದಾಗ ನಕ್ಕಿದ್ದೆ ನೀನು.’

ಲೇಖನದಲ್ಲಿ ಇನ್ನೊಂದು ಸಾಲಿತ್ತು, ಅದನ್ನು ಓದಿದೆ: ಆಟದ ದಾರಿಗಳನ್ನೆಲ್ಲ ಜಪಾನಿನಲ್ಲಿ ಅದನ್ನು ಮಾಡಿದವರು ಮೊದಲು ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು, ತಿದ್ದಬೇಕಾದರೆ ಮೇಲೆ ತೆಳು ಹಾಳೆ ಇಟ್ಟು ತಿದ್ದುತ್ತಿದ್ದರು. ಮೇಡಂ ಕೈಯಲ್ಲಿದ್ದ ಸೂಜಿ ನಿಂತಿತು. ಇನ್ನೊಂದು ಸಲ ಓದು ಎಂದರು. ಓದಿದೆ. ಯಜಮಾನರನ್ನು ಕರೆದು ಅವರ ಮುಂದೆ ಮತ್ತೊಂದು ಸಲ ಓದಿಸಿದರು. ಆಮೇಲೆ ಹೋಗಿ ಪೆಟ್ಟಿಗೆಯಿಂದ ತಮ್ಮ ಹಳೆಯ ಗ್ರಾಫ್ ಹಾಳೆಗಳನ್ನು ತಂದು, ತೊಡೆಯ ಮೇಲೆ ಇಟ್ಟುಕೊಂಡು ಕೂತರು.

ಅವರಿಗೆ ಕಾಗದ ಬರೆಯಬೇಕೆಂದರು. ಜಪಾನಿಗೆ. ಕಂಪನಿಯ ಯಜಮಾನರಿಗಲ್ಲ, ಕೂತು ಮೋಡ ಬಿಡಿಸಿದವರಿಗೆ. ನಾನು ಇಂಗ್ಲಿಷಿನಲ್ಲಿ ಬರೆದುಕೊಡುತ್ತೇನೆ ಎಂದೆ. ಅವರು ಒಪ್ಪಲಿಲ್ಲ. ಅವರ ಭಾಷೆ ನಮಗೆ ಬರುವುದಿಲ್ಲ, ನಮ್ಮದು ಅವರಿಗೆ ಬರುವುದಿಲ್ಲ, ಮಧ್ಯೆ ಇಂಗ್ಲಿಷನ್ನು ಯಾಕೆ ಎಳೆಯುವುದು, ನೀನು ಕನ್ನಡ ಮೇಡಂ ತಾನೆ ಎಂದರು. ಹಾಗಾಗಿ ಕನ್ನಡದಲ್ಲೇ ಬರೆದೆ. ಅವರು ಹೇಳುತ್ತಾ ಹೋದರು. ಕ್ಷೇಮ ಸಮಾಚಾರ ವಿಚಾರಿಸಿ, ತಾವು ಯಾರೆಂದು ತಿಳಿಸಿ, ಅಣಬೆಯ ಉಪಾಯವನ್ನು ಮೆಚ್ಚಿ, ಆಮೇಲೆ ಒಂದು ಸಲಹೆ: ಮೋಡವನ್ನೂ ಅರ್ಧ ಮಾತ್ರ ಬಿಡಿಸಿ ಉಳಿದರ್ಧ ಮಗುಚಿ ಹಾಕಿದ್ದರೆ ಇನ್ನೂ ಜಾಗ ಉಳಿಯುತ್ತಿತ್ತು. ಅದಕ್ಕೆ ನಕ್ಷೆ ಲಗತ್ತಿಸಿದೆ.

ಆಟ ಬಂದು ಎಷ್ಟೋ ವರ್ಷವಾಯಿತು, ಈಗ ಹೇಳಿ ಏನುಪಯೋಗ ಎಂದೆ.

‘ಮುಂದಿನ್ದು ಮಾಡೋವಾಗ ಆಗ್ತದೆ, ಬರಿ,’ ಎಂದರು.

ವಿಳಾಸ ನಾನು ಮೊಬೈಲಿನಲ್ಲಿ ಎಲ್ಲಿಂದಲೋ ಹುಡುಕಿದ್ದು. ಅದು ಆ ಕಂಪನಿ ಎಂದೋ ಬಿಟ್ಟುಹೋದ ಹಳೆಯ ಕಟ್ಟಡದ್ದೆಂದು ಆಮೇಲೆ ತಿಳಿಯಿತು. ಮೂರು ತಿಂಗಳಿಗೆ ಲಕೋಟೆ ಹಾಗೇ ವಾಪಸು ಬಂತು. ಮೇಲೆ ಕೆಂಪು ಮಸಿಯಲ್ಲಿ ಜಪಾನಿ ಅಕ್ಷರದ ಒಂದು ಮುದ್ರೆ. ನಾನು ಮೊಬೈಲಿನ ಕ್ಯಾಮೆರಾ ಹಿಡಿದು ಅರ್ಥ ನೋಡಿ, ಅಳುಕುತ್ತಾ ಹೇಳಿದೆ: ಈ ವಿಳಾಸದಲ್ಲಿ ಹುಡುಕಿದೆವು, ಸಿಗಲಿಲ್ಲ ಎಂದಿದೆ.

ಅವರಿಗೆ ಬೇಜಾರಾಗುತ್ತದೆಂದುಕೊಂಡಿದ್ದೆ. ಅವರು ಲಕೋಟೆಯನ್ನು ಕಣ್ಣ ಹತ್ತಿರ ಹಿಡಿದು ಮುದ್ರೆಯ ಗೆರೆಗಳನ್ನೇ ನೋಡುತ್ತಿದ್ದರು.

‘ಸಿಗ್ಲಿಲ್ಲ ಅಂತ ಬರೀಬೇಕಾದ್ರೆ ಯಾರೋ ಎದ್ದು ಹೋಗಿ ಹುಡುಕಿರ್ತಾರಲ್ಲಮ್ಮ,’ ಎಂದರು. ‘ನೋಡು, ಎಷ್ಟು ಅಚ್ಚುಕಟ್ಟಾಗಿದೆ ಅಕ್ಷರ.’

ಮೊನ್ನೆ ಹನ್ನೊಂದನೇ ದಿನಕ್ಕೆ ಅಜ್ಜಂಪುರಕ್ಕೆ ಹೋಗಿದ್ದೆ. ಗಣಿತದ ಮೇಷ್ಟ್ರೂ ಕೋಲೂರಿಕೊಂಡು ಬಂದಿದ್ದರು. ನಡುಮನೆಯ ಗೋಡೆಯ ಮೇಲೆ, ದೇವರ ಪಟಗಳ ಸಾಲಿನಲ್ಲೇ, ಆ ಮುದ್ರೆ ಗಾಜಿನ ಚೌಕಟ್ಟಿನೊಳಗಿತ್ತು. ಬಿಳಿ ಮ್ಯಾಟಿ ಬಟ್ಟೆ, ಕೆಂಪು ದಾರ, ಒಂದು ಗೆರೆಯೂ ತಪ್ಪಿಲ್ಲ. ಅವರು ಮುಗಿಸಿದ ಕೊನೆಯ ಕೆಲಸ ಅದೇ ಎಂದು ಯಜಮಾನರು ಹೇಳಿದರು.

ಅಂತರಘಟ್ಟೆಯಿಂದ ಬಂದಿದ್ದ ಅವರ ಕಡೆಯ ವಯಸ್ಸಾದ ಹೆಂಗಸೊಬ್ಬರು ಪಟಗಳಿಗೆಲ್ಲ ಸಾಲಾಗಿ ಕುಂಕುಮ ಇಡುತ್ತಾ ಬಂದರು. ಇದರ ಮುಂದೆ ನಿಂತು, ಇದ್ಯಾವ ದೇವರದಪ್ಪಾ ಎಂದು ಕೇಳಿದರು. ಯಜಮಾನರು ನನ್ನ ಮುಖ ನೋಡಿದರು. ಅರ್ಥ ಅವರಿಗೂ ಗೊತ್ತಿತ್ತು. ‘ಜಪಾನಿಂದ ಬಂದಿದ್ದಮ್ಮ,’ ಎಂದಷ್ಟೇ ಹೇಳಿದರು.

ಆಕೆ ಗಾಜಿನ ಮೇಲೆ ಕುಂಕುಮವಿಟ್ಟು, ಬೆರಳನ್ನು ಕಣ್ಣಿಗೊತ್ತಿಕೊಂಡು ಕೈಮುಗಿದರು. ಮೇಷ್ಟ್ರು ಕೋಲನ್ನು ಗೋಡೆಗೆ ಒರಗಿಸಿ ತಾವೂ ಮುಗಿದರು. ಅವರ ಪಕ್ಕದಲ್ಲಿ ನಿಂತು ನಾನೂ.